ಹೆಲ್ಮೆಟ್ಟಿನೊಳಗೆ ನೀರು, ಕಪಾಟಿನೊಳಗೆ ವರದಿ: ನಾಸಾ ಮುಖ್ಯಸ್ಥರಿಗೂ ಅಮೆರಿಕಾ ಕಾಂಗ್ರೆಸ್ಸಿಗೂ ಒಂದು ಬಹಿರಂಗ ಪತ್ರ

ಜೇರೆಡ್ ಐಸಾಕ್‌ಮನ್ ಅವರೇ, ಮತ್ತು ನಾಸಾದ ದುಡ್ಡಿಗೆ ವರ್ಷವರ್ಷವೂ ಸಹಿ ಹಾಕುವ ಕಾಂಗ್ರೆಸ್ ಸದಸ್ಯರೇ,

ನಮಸ್ಕಾರ. ಈ ಪತ್ರ ಕನ್ನಡದಲ್ಲಿದೆ, ನೀವು ಓದುವುದಿಲ್ಲ ಅಂತ ನನಗೆ ಗೊತ್ತು. ನಿಮ್ಮದೇ ಆಫೀಸಿನವರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ವರದಿಗಳನ್ನಾದರೂ ನೀವು ಎಷ್ಟು ಓದಿದ್ದೀರಿ ಅನ್ನುವುದೇ ನನ್ನ ಅನುಮಾನ, ಆ ಅನುಮಾನದಿಂದಲೇ ಈ ಪತ್ರ ಹುಟ್ಟಿದ್ದು. ನಾನಿರುವುದು ಹೂಸ್ಟನ್ನಿನ ದಕ್ಷಿಣಕ್ಕೆ, ಜಾನ್ಸನ್ ಸ್ಪೇಸ್ ಸೆಂಟರಿನ ಗೇಟಿಗೆ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಇಲ್ಲಿ ತೆರಿಗೆ ಕಟ್ಟುವ, ಓಟು ಹಾಕುವ ಕನ್ನಡದವರು ಸಾಕಷ್ಟು ಜನ ಇದ್ದೇವೆ. ಯುಗಾದಿ ಊಟಕ್ಕೆ ಸೇರಿದಾಗ ರಾಕೆಟ್ಟಿನ ಮಾತು ಬರುತ್ತದೆ, ಚಂದ್ರನ ಮಾತು ಬರುತ್ತದೆ, ನೌಕೆಯಿಂದ ಹೊರಗೆ ಹೋಗುವಾಗ ಹಾಕಿಕೊಳ್ಳುವ ಸ್ಪೇಸ್‌ಸೂಟಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಅವರೂ ಓದಲಿ ಅಂತಲೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಐಸಾಕ್‌ಮನ್ ಅವರೇ, ನಿಮಗೆ ಈ ವಿಷಯ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. 2024ರ ಸೆಪ್ಟೆಂಬರ್ 12ರಂದು ಪೊಲಾರಿಸ್ ಡಾನ್ ಯಾನದಲ್ಲಿ ನೀವೇ ಸೂಟು ಹಾಕಿಕೊಂಡು ನೌಕೆಯ ಬಾಗಿಲಿನಿಂದ ಮೇಲೆದ್ದು ಹೊರಗೆ ನಿಂತವರು. ನಿಮ್ಮ ಸೂಟು ಹೊಸದು. ಬೆನ್ನಿಗೆ ಪೆಟ್ಟಿಗೆ ಇರಲಿಲ್ಲ, ಗಾಳಿ ನೌಕೆಯಿಂದಲೇ ಪೈಪಿನಲ್ಲಿ ಬರುತ್ತಿತ್ತು. ಅಲ್ಲಿಗೇ ನಿಮಗೆ ಭಯ ಆಗಿರಬೇಕು, ಆಗದಿದ್ದರೆ ನೀವು ಮನುಷ್ಯರೇ ಅಲ್ಲ ಬಿಡಿ. ಈಗ ಅದೇ ಜಾಗದಲ್ಲಿ, ನಿಮ್ಮ ಅಜ್ಜಿಯ ಕಾಲದ ಮಿಕ್ಸಿಯಷ್ಟು ಹಳೆಯ ವಿನ್ಯಾಸದ ಪೆಟ್ಟಿಗೆಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ಆರೂವರೆ ಗಂಟೆ ಕೆಲಸ ಮಾಡಿ ಬಾ ಅಂದರೆ ಹೇಗಿರುತ್ತದೆ ಅಂತ ಯೋಚಿಸಿ.

ಉತ್ಪ್ರೇಕ್ಷೆ ಅಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನಾಸಾದವರು ಇವತ್ತಿಗೂ ಹಾಕಿಕೊಳ್ಳುವ ಸೂಟು 1970ರ ದಶಕದಲ್ಲಿ ಸ್ಪೇಸ್ ಷಟಲ್‌ಗೆ ಅಂತ ರೂಪಿಸಿದ್ದು. ಅದನ್ನು ಹಾಕಿಕೊಂಡು ಮೊದಲ ಸಲ ಹೊರಗೆ ಹೋದದ್ದು 1983ರ ಏಪ್ರಿಲ್‌ನಲ್ಲಿ. ಆಗಿನ ಲೆಕ್ಕ ಸರಳವಾಗಿತ್ತು. ಷಟಲ್ ಒಂದೆರಡು ವಾರ ಹಾರುತ್ತದೆ, ಸೂಟು ಅದರಲ್ಲೇ ವಾಪಸು ಬರುತ್ತದೆ, ಇಳಿದ ಮೇಲೆ ಬಿಚ್ಚಿ, ತೊಳೆದು, ಪರೀಕ್ಷಿಸಿ ಮತ್ತೆ ಕಳಿಸುತ್ತಾರೆ. ಮದುವೆಗೆ ಅಂತ ಬಾಡಿಗೆಗೆ ತಂದ ಶೇರ್ವಾನಿ ಇದ್ದ ಹಾಗೆ, ಹಾಕಿ, ತೆಗೆದು, ಅಂಗಡಿಗೆ ಕೊಡುವುದು. 2011ಕ್ಕೆ ಷಟಲ್ ನಿಂತಿತು. ಅಲ್ಲಿಂದ ಈ ಸೂಟುಗಳು ವರ್ಷಗಟ್ಟಲೆ ಮೇಲೇ ಉಳಿದವು. ಜಾಗ ಸಿಕ್ಕಾಗ ಸರಕು ನೌಕೆಯಲ್ಲಿ ಒಂದೊಂದೇ ಇಳಿದು ಬರುತ್ತವೆ. ಉಸಿರಾಟದ ವ್ಯವಸ್ಥೆ ಇರುವ ಬೆನ್ನಪೆಟ್ಟಿಗೆಗಳನ್ನು ಮಾಡಿದ್ದು ಒಟ್ಟು 18. ಕೆಲವು ಚಾಲೆಂಜರ್ ಮತ್ತು ಕೊಲಂಬಿಯಾ ದುರಂತಗಳಲ್ಲಿ ಹೋದವು, 2015ರಲ್ಲಿ ಸರಕು ಹೊತ್ತ ರಾಕೆಟ್ ಆಕಾಶದಲ್ಲೇ ಒಡೆದಾಗ ಇನ್ನೊಂದು ಹೋಯಿತು. 2017ರಲ್ಲಿ ನಾಸಾದ ಇನ್‌ಸ್ಪೆಕ್ಟರ್ ಜನರಲ್ ಲೆಕ್ಕ ಹಾಕಿದಾಗ ಉಳಿದಿದ್ದದ್ದು 11. 15 ವರ್ಷ ಬಾಳಲಿ ಅಂತ ಮಾಡಿದ್ದು, ಆ ಗಡುವು ಎಂದೋ ಮುಗಿದುಹೋಗಿದೆ ಅಂತಲೂ ಅದೇ ವರದಿಯಲ್ಲಿ ಬರೆದಿದ್ದರು.

ಇನ್‌ಸ್ಪೆಕ್ಟರ್ ಜನರಲ್ ಅಂದರೆ ನಮ್ಮವರಿಗೆ ಒಂದು ಮಾತಿನಲ್ಲಿ ಹೇಳುವುದಾದರೆ, ಸಂಸ್ಥೆಯ ಒಳಗೇ ಕೂತು ಸಂಸ್ಥೆಯದೇ ತಪ್ಪು ಹುಡುಕುವ ಸ್ವತಂತ್ರ ಕಚೇರಿ. ನಮ್ಮಲ್ಲಿ ಸಿಎಜಿ ಇದ್ದ ಹಾಗೆ, ಆದರೆ ನಾಸಾಕ್ಕೆ ಮಾತ್ರ. ಅವರಲ್ಲದೆ 1967ರ ಅಪೊಲೊ 1ರ ಬೆಂಕಿಯಲ್ಲಿ ಮೂವರು ತೀರಿಕೊಂಡ ಮೇಲೆ ಹುಟ್ಟಿದ ಸುರಕ್ಷತಾ ಸಲಹಾ ಮಂಡಳಿ ಬೇರೆ ಇದೆ. ಕಾವಲುಗಾರರಿಗೆ ಕೊರತೆ ಇಲ್ಲ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಸ್ಪೇಸ್‌ಸೂಟಿನಲ್ಲಿ ಮುಳುಗಿ ಸಾಯುವುದು ಅಂದರೆ ಕೇಳುವವರು ನಗುತ್ತಾರೆ.

ಸೂಟಿನೊಳಗೆ ಮೈಗೆ ಅಂಟಿಕೊಂಡ ಒಂದು ಒಳ ಉಡುಪು ಇರುತ್ತದೆ, ಅದರಲ್ಲಿ ಸುಮಾರು 90 ಮೀಟರ್ ಸಣ್ಣ ಕೊಳವೆ. ಅದರಲ್ಲಿ ತಣ್ಣೀರು ಸುತ್ತುತ್ತಾ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಉಸಿರಿನ, ಬೆವರಿನ ತೇವವನ್ನು ಗಾಳಿಯಿಂದ ಬೇರ್ಪಡಿಸಲು ತಿರುಗುವ ಒಂದು ಡ್ರಮ್ಮು ಇದೆ, ಅದರಲ್ಲಿ ಸಣ್ಣ ಸಣ್ಣ ತೂತು. ಫ್ಯಾನು, ಪಂಪು, ಈ ಡ್ರಮ್ಮು ಮೂರೂ ಒಂದೇ ಮೋಟಾರಿಗೆ. 2013ರಲ್ಲಿ ಆ ತೂತುಗಳು ಕಟ್ಟಿಕೊಂಡವು. ನೀರಿನಲ್ಲಿದ್ದ ಸಿಲಿಕಾದಂಥ ಕಲ್ಮಶ ಕಾರಣ. ನಮ್ಮ ಬೋರ್‌ವೆಲ್ ನೀರಿಗೆ ಗೀಸರಿನ ಪೈಪು ಕಟ್ಟಿಕೊಳ್ಳುತ್ತದಲ್ಲ, ಸುಮಾರು ಅದೇ ಕತೆ. ತೂತು ಕಟ್ಟಿದ ಮೇಲೆ ನೀರು ಹೋಗುವುದಕ್ಕೆ ಜಾಗವಿಲ್ಲದೆ ಗಾಳಿಯ ದಾರಿ ಹಿಡಿಯಿತು, ಗಾಳಿಯ ದಾರಿ ಹೋಗಿ ಸೇರುವುದು ಹೆಲ್ಮೆಟ್ಟಿನ ಹಿಂಭಾಗಕ್ಕೆ.

ಆ ವರ್ಷ ಜುಲೈ 16ರಂದು ಹೊರಗಿದ್ದವರು ಇಟಲಿಯ ಲೂಕಾ ಪರ್ಮಿಟಾನೊ. ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ತಲೆಯ ಹಿಂದೆ ತಣ್ಣಗಾಯಿತು. ತೂಕವಿಲ್ಲದ ಜಾಗದಲ್ಲಿ ನೀರು ಕೆಳಗೆ ಇಳಿಯುವುದಿಲ್ಲ. ಚರ್ಮಕ್ಕೆ ಅಂಟಿಕೊಂಡು ತೆವಳುತ್ತದೆ. ಕಿವಿಗೆ ಬಂತು, ಕಣ್ಣಿಗೆ ಬಂತು, ಮೂಗಿಗೆ ಬಂತು. ಅಷ್ಟರಲ್ಲಿ ಸೂರ್ಯ ಮುಳುಗಿ ಕತ್ತಲಾಯಿತು, ಮಾತೂ ಸರಿಯಾಗಿ ಕೇಳಿಸದಾಯಿತು. ಹೆಲ್ಮೆಟ್ ತೆಗೆಯುವಂತಿಲ್ಲ, ಕೈ ಹಾಕಿ ಒರೆಸಿಕೊಳ್ಳುವಂತಿಲ್ಲ. ಸೊಂಟಕ್ಕೆ ಕಟ್ಟಿದ ಹಗ್ಗದ ಎಳೆತ ಹಿಡಿದುಕೊಂಡು, ಕುರುಡನ ಹಾಗೆ ತಡಕಾಡುತ್ತಾ ಬಾಗಿಲಿಗೆ ವಾಪಸು ಬಂದರು. ಒಳಗೆ ಗಾಳಿ ತುಂಬುವವರೆಗೆ ಜೊತೆಯವರಾದ ಕ್ರಿಸ್ ಕ್ಯಾಸಿಡಿ ಪರ್ಮಿಟಾನೊ ಅವರ ಕೈ ಹಿಚುಕುತ್ತಿದ್ದರು, ಇವರು ವಾಪಸು ಹಿಚುಕಿದರೆ ಬದುಕಿದ್ದಾರೆ ಅಂತ ಲೆಕ್ಕ. ಹೆಲ್ಮೆಟ್ ತೆಗೆದಾಗ ಒಂದರಿಂದ ಒಂದೂವರೆ ಲೀಟರ್ ನೀರು. ಒಂದು ಬಿಸ್ಲೇರಿ ಬಾಟಲಿ.

ನನ್ನನ್ನು ನಿದ್ದೆಗೆಡಿಸುವುದು ಇದಲ್ಲ, ಇದಕ್ಕಿಂತ ಒಂದು ವಾರ ಹಿಂದಿನದ್ದು. ಜುಲೈ 9ರ ಬಾಹ್ಯಾಕಾಶ ನಡಿಗೆಯಲ್ಲಿ ಇದೇ ಸೂಟಿನಲ್ಲಿ, ಇದೇ ಮನುಷ್ಯನಿಗೆ ನೀರು ಬಂದಿತ್ತು. ಕುಡಿಯುವ ನೀರಿನ ಚೀಲ ಸೋರಿರಬೇಕು ಅಂದುಕೊಂಡು ಅದನ್ನು ಬದಲಾಯಿಸಿ ಮತ್ತೆ ಕಳಿಸಿದರು. ಹೆಲ್ಮೆಟ್ಟಿನಲ್ಲಿ ಅಷ್ಟಿಷ್ಟು ನೀರು ಮಾಮೂಲಿ ಅನ್ನುವ ಭಾವನೆ ಬೆಳೆದುಬಿಟ್ಟಿತ್ತು ಅಂತ ಆಮೇಲೆ ನಾಸಾದ ತನಿಖಾ ಸಮಿತಿಯೇ ಬರೆಯಿತು.

ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು, ಯಾಕೆಂದರೆ ನಾನೇ ಹೀಗೆ ಮಾಡಿದ್ದೆ. ಅಮೆರಿಕಾಕ್ಕೆ ಬರುವ ಮೊದಲು ಊರ ಕಡೆ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್‌ನಲ್ಲಿದ್ದೆ. ಬಾಯ್ಲರಿಗೆ ನೀರು ಕೊಡುವ ಪಂಪು. ಹಳೇ ಕಾಲದ ಗ್ಲ್ಯಾಂಡ್ ಪ್ಯಾಕಿಂಗ್ (ತಿರುಗುವ ಶಾಫ್ಟಿನ ಸುತ್ತ ನೀರು ತಡೆಯಲು ತುರುಕುವ ಹಗ್ಗದಂಥದ್ದು) ಇದ್ದಾಗ ತೊಟ್ಟಿಕ್ಕುತ್ತಲೇ ಇರಬೇಕು, ತೊಟ್ಟಿಕ್ಕದಿದ್ದರೆ ಶಾಫ್ಟ್ ಸುಡುತ್ತದೆ. ಅದನ್ನು ತೆಗೆದು ಮೆಕ್ಯಾನಿಕಲ್ ಸೀಲ್ ಹಾಕಿಸಿದರು. ಮೆಕ್ಯಾನಿಕಲ್ ಸೀಲ್ ಹಾಗೆ ಸೋರಬಾರದು. ಆದರೆ ನಮ್ಮ ಕಣ್ಣಿಗೆ ಅಭ್ಯಾಸ ಆಗಿತ್ತಲ್ಲ, ಹೊಸ ಸೀಲು ತೊಟ್ಟಿಕ್ಕಿದಾಗಲೂ "ಪಂಪು ಅಂದಮೇಲೆ ಸೋರುತ್ತೆ" ಅಂತ ಕೆಳಗೆ ಒಂದು ಬಕೆಟ್ ಇಟ್ಟೆವು. ಪಾಳಿ ಬದಲಾದಾಗ ಬಕೆಟ್ ಖಾಲಿ ಮಾಡುವುದು ಹೆಲ್ಪರನ ಕೆಲಸ. ಲಾಗ್ ಬುಕ್ಕಿನಲ್ಲಿ ನನ್ನದೇ ಕೈಬರಹದಲ್ಲಿ "ಲೀಕೇಜ್ ನಾರ್ಮಲ್" ಅಂತ ನಾಲ್ಕು ತಿಂಗಳು ಇದೆ. ಐದನೇ ತಿಂಗಳು ರಾತ್ರಿ ಪಾಳಿಯಲ್ಲಿ ಸೀಲು ಒಡೆದು ಬಕೆಟ್ ತೆಗೆಯಲು ಬಗ್ಗಿದ್ದ ಹುಡುಗನ ಎಡಗೈ ಮೊಣಕೈವರೆಗೆ ಬೆಂದಿತು. ವಿಚಾರಣೆ ಮಾಡಿದರು, ವರದಿ ಬರೆದರು, ನಾನು ಸಹಿ ಹಾಕಿದೆ. ವರದಿಯಲ್ಲಿದ್ದ ಎಂಟು ಸಲಹೆಗಳಲ್ಲಿ ಜಾರಿಗೆ ಬಂದದ್ದು ಒಂದು: ದೊಡ್ಡ ಬಕೆಟ್. ತಮಾಷೆ ಮಾಡುತ್ತಿಲ್ಲ.

ಹಾಗಾಗಿ 2013ರ ನಂತರ ನಾಸಾ ಏನು ಮಾಡಿತು ಅಂತ ಓದಿದಾಗ ನನಗೆ ಆ ಬಕೆಟ್ಟೇ ಕಂಡಿತು. ಫಿಲ್ಟರು, ನೀರಿನ ಶುದ್ಧತೆ ಎಲ್ಲ ಸರಿಮಾಡಿದರು, ಇಲ್ಲ ಅನ್ನುವುದಿಲ್ಲ. ಜೊತೆಗೆ ಹೆಲ್ಮೆಟ್ಟಿನ ಹಿಂಭಾಗದಲ್ಲಿ ನೀರು ಹೀರುವ ಒಂದು ಪ್ಯಾಡ್ ಇಟ್ಟರು, ಮಗುವಿನ ಡೈಪರ್ ಇದ್ದ ಹಾಗೆ. ಬಾಯಿಯ ಹತ್ತಿರ ಒಂದು ಕೊಳವೆ ಕೊಟ್ಟರು, ಮುಖಕ್ಕೆ ನೀರು ತುಂಬಿದರೆ ಅದರಲ್ಲಿ ಕೆಳಗಿನಿಂದ ಉಸಿರು ಎಳೆದುಕೊಳ್ಳಲಿ ಅಂತ. ತುರ್ತಿಗೆ ಇದು ಸರಿಯಾದ ಕೆಲಸವೇ. ಆದರೆ ತುರ್ತಿನ ತೇಪೆ ಹತ್ತು ವರ್ಷ ದಾಟಿತು. 2016ರ ಜನವರಿಯಲ್ಲಿ ಟಿಮ್ ಕೋಪ್ರಾ ಹೆಲ್ಮೆಟ್ಟಿನಲ್ಲಿ ನೀರು, ನಡಿಗೆ ಅರ್ಧಕ್ಕೆ ನಿಂತಿತು. 2022ರ ಮಾರ್ಚ್‌ನಲ್ಲಿ ಹೈದರಾಬಾದ್ ಮೂಲದ ರಾಜಾ ಚಾರಿ ಜೊತೆ ಹೊರಗಿದ್ದ ಜರ್ಮನಿಯ ಮಥಿಯಾಸ್ ಮೌರರ್ ಹೆಲ್ಮೆಟ್ಟಿನಲ್ಲಿ ನೀರು, ಅಲ್ಲಿಂದ ನವೆಂಬರ್‌ವರೆಗೆ ಈ ಸೂಟಿನಲ್ಲಿ ಮಾಮೂಲಿ ನಡಿಗೆಗಳೇ ಬಂದ್. 2024ರ ಜೂನ್‌ನಲ್ಲಿ ಟ್ರೇಸಿ ಡೈಸನ್ ಬಾಗಿಲು ತೆರೆಯುವಷ್ಟರಲ್ಲಿ ಸೂಟಿಗೆ ಜೋಡಿಸಿದ್ದ ನೀರಿನ ಪೈಪಿನ ಕಡೆಯಿಂದ ಸೋರಿ ಮಂಜಿನ ಹರಳು ಹಾರಾಡಿದವು, ಮತ್ತೆ ಏಳು ತಿಂಗಳ ಹತ್ತಿರ ಹತ್ತಿರ ವಿರಾಮ. 2025ರ ಜನವರಿಯಲ್ಲಿ ನಿಕ್ ಹೇಗ್ ಜೊತೆ ಸುನಿತಾ ವಿಲಿಯಮ್ಸ್ ಹೊರಗೆ ಹೋದಾಗಲೇ ಮತ್ತೆ ಶುರುವಾದದ್ದು. ಸುನಿತಾ ಆ ತಿಂಗಳು 62 ಗಂಟೆ 6 ನಿಮಿಷದ ಒಟ್ಟು ಲೆಕ್ಕದಿಂದ ಮಹಿಳೆಯರಲ್ಲಿ ದಾಖಲೆ ಮಾಡಿದರು ಅಂತ ನಮ್ಮ ಟಿವಿಗಳೆಲ್ಲ ಕುಣಿದವು. ಅವರು ಹಾಕಿಕೊಂಡಿದ್ದ ಸೂಟಿನ ವಯಸ್ಸು ಯಾರೂ ಕೇಳಲಿಲ್ಲ.

ಅಳತೆಯ ಕತೆ ಇನ್ನೊಂದಿದೆ. 2019ರ ಮಾರ್ಚ್‌ನಲ್ಲಿ ಇಬ್ಬರು ಮಹಿಳೆಯರು ಒಟ್ಟಿಗೆ ಹೊರಗೆ ಹೋಗಬೇಕಿತ್ತು, ಇಬ್ಬರಿಗೂ ಬೇಕಾದ ಮೀಡಿಯಂ ಅಳತೆಯದ್ದು ತಯಾರಾಗಿದ್ದದ್ದು ಒಂದೇ. ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಇಷ್ಟು ಸಾಕು, ಇದರ ಬಗ್ಗೆ ಆಗಲೇ ಜನ ಬೇಕಾದಷ್ಟು ನಕ್ಕಾಗಿದೆ.

ದುಡ್ಡು ಕೊಟ್ಟಿಲ್ಲವಾ ಅಂದರೆ, ಕೊಟ್ಟಿದ್ದೀರಿ. ಅದೇ ಬೇಜಾರು. 2021ರ ಆಗಸ್ಟ್‌ನಲ್ಲಿ ಇನ್‌ಸ್ಪೆಕ್ಟರ್ ಜನರಲ್ ಕೊಟ್ಟ ಲೆಕ್ಕ: 2007ರಿಂದ ಹೊಸ ಸೂಟಿಗೆ ಅಂತ 42 ಕೋಟಿ ಡಾಲರ್ ಖರ್ಚಾಗಿದೆ, ಇನ್ನೂ ಖರ್ಚು ಮಾಡಿ ಒಟ್ಟು 100 ಕೋಟಿ ಡಾಲರ್ ದಾಟಿದ ಮೇಲೆ ಹಾರುವುದಕ್ಕೆ ಸಿದ್ಧವಾದ ಎರಡು ಸೂಟು ಬರಬಹುದು, ಅದೂ 2025ರ ಏಪ್ರಿಲ್‌ಗಿಂತ ಮುಂಚೆ ಇಲ್ಲ. ಬಿಡಿಭಾಗ ಮಾಡಿಕೊಡುವ ಗುತ್ತಿಗೆದಾರರು 27. ನಮ್ಮೂರಲ್ಲಿ ಒಂದು ಮನೆಗೆ ಮೂವರು ಮೇಸ್ತ್ರಿಗಳಿದ್ದರೆ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ.

ಆಮೇಲೆ ಯೋಚನೆ ಬದಲಾಯಿತು. ನಾವೇ ಮಾಡುವುದು ಬೇಡ, ಕಂಪನಿಗಳು ಮಾಡಲಿ, ನಾವು ಬಾಡಿಗೆಗೆ ತಗೊಳ್ಳೋಣ ಅಂತ 2022ರ ಜೂನ್‌ನಲ್ಲಿ ಆಕ್ಸಿಯಂ ಮತ್ತು ಕಾಲಿನ್ಸ್ ಎಂಬ ಎರಡು ಕಂಪನಿಗಳನ್ನು ಆರಿಸಿದಿರಿ. 2034ರವರೆಗೆ 350 ಕೋಟಿ ಡಾಲರ್‌ವರೆಗೆ. ಚಂದ್ರನ ಸೂಟು ಆಕ್ಸಿಯಂಗೆ, ನಿಲ್ದಾಣದ ಸೂಟು ಕಾಲಿನ್ಸ್‌ಗೆ, ಅದರ ಮೊದಲ ಕಂತಿಗೆ 9.72 ಕೋಟಿ. ಎರಡು ವರ್ಷ ತುಂಬುವಷ್ಟರಲ್ಲಿ, 2024ರ ಜೂನ್‌ನಲ್ಲಿ, ಹೇಳಿದ ಸಮಯಕ್ಕೆ ಆಗುವುದಿಲ್ಲ ಅಂತ ಕಾಲಿನ್ಸ್ ಹಿಂದೆ ಸರಿಯಿತು. ನೋಡಿ, ಕಂಪನಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಒಬ್ಬನೇ ಗಿರಾಕಿ ಇರುವ, ಕೈಬೆರಳೆಣಿಕೆಯಷ್ಟೇ ಬೇಕಾದ ಸಾಮಾನಿಗೆ ಮೊದಲೇ ಬೆಲೆ ನಿಗದಿ ಮಾಡಿ ಸಹಿ ಹಾಕಿಸಿಕೊಂಡರೆ, ನಷ್ಟ ಕಂಡ ದಿನ ಯಾವ ಕಂಪನಿಯಾದರೂ ಬಾಗಿಲು ನೋಡುತ್ತದೆ. ನನ್ನ ಪ್ರಶ್ನೆ ಬೇರೆ. ಅವರು ಸರಿದ ಮರುದಿನಕ್ಕೆ ನಿಮ್ಮ ಹತ್ತಿರ ಏನಿತ್ತು? ಹಳೇ ಸೂಟು ಇತ್ತು, ಪ್ಯಾಡ್ ಇತ್ತು. ಅದೇ ತಿಂಗಳಲ್ಲೇ ಡೈಸನ್ ಅವರ ಸೋರಿಕೆ ಆದದ್ದು. ಕಾಕತಾಳೀಯ ಇರಬಹುದು, ಆದರೆ ಇದಕ್ಕಿಂತ ಜೋರಾಗಿ ಆ ಸೂಟು ಇನ್ನು ಹೇಗೆ ಕೂಗಬೇಕು?

"ನಿಲ್ದಾಣವನ್ನೇ 2030ಕ್ಕೆ ಇಳಿಸುತ್ತೇವಲ್ಲ, ಇನ್ನು ಹೊಸ ಸೂಟು ಯಾಕೆ" ಅನ್ನುವ ಮಾತು ಇಲ್ಲಿನ ಜನರ ಬಾಯಲ್ಲೂ ಕೇಳಿದ್ದೇನೆ. ಕೇಳಲು ಬುದ್ಧಿವಂತಿಕೆಯ ಮಾತೇ. ಆದರೆ ಈ ನಿಲ್ದಾಣಕ್ಕೆ ಕೊನೆಯ ದಿನ ಅಂತ ಮೊದಲು 2015ರ ಆಸುಪಾಸು ಹೇಳಿದ್ದರು. ಆಮೇಲೆ 2020 ಅಂದರು. ಆಮೇಲೆ 2024. ಈಗ 2030. ಪ್ರತಿ ಸಲವೂ ಹೊಸ ಸೂಟಿಗೆ ಇದೇ ನೆಪ, ಪ್ರತಿ ಸಲವೂ ಹಳೇ ಸೂಟಿಗೆ ಇನ್ನೊಂದಿಷ್ಟು ವರ್ಷ ಸೇರಿತು. ಬಾಡಿಗೆ ಮನೆ, ಮುಂದಿನ ವರ್ಷ ಬಿಡುತ್ತೇವೆ, ಈಗ ಯಾಕೆ ಛಾವಣಿ ರಿಪೇರಿ ಅಂತ ಇಪ್ಪತ್ತು ಮಳೆಗಾಲ ಕಳೆದವರನ್ನು ನಾನು ನೋಡಿದ್ದೇನೆ, ನೀವೂ ಹಾಗೇ.

ಮತ್ತೆ, ಕೊನೆಯ ವರ್ಷಗಳಲ್ಲೇ ಹೊರಗಿನ ಕೆಲಸ ಜಾಸ್ತಿ ಬರುವುದು, ಹಳೇ ಯಂತ್ರ ಇಟ್ಟುಕೊಂಡ ಯಾರಿಗಾದರೂ ಗೊತ್ತು. 2013ರ ಮೇ ತಿಂಗಳಲ್ಲಿ ಹೊರಗೆ ನಿಲ್ದಾಣವನ್ನು ತಂಪು ಮಾಡುವ ಅಮೋನಿಯಾ ಸೋರಿದಾಗ ಕೆಲವೇ ದಿನದಲ್ಲಿ ಇಬ್ಬರು ಹೊರಗೆ ಹೋಗಿ ಪಂಪು ಬದಲಾಯಿಸಬೇಕಾಯಿತು. ಅಂಥ ದಿನ ಮತ್ತೆ ಬಂದರೆ "ಸೂಟಿನ ತನಿಖೆ ನಡೆಯುತ್ತಿದೆ, ಏಳು ತಿಂಗಳು ತಡೆಯಿರಿ" ಅಂತ ಅಮೋನಿಯಾಗೆ ಹೇಳುತ್ತೀರಾ? ಅತ್ತ ರಷ್ಯಾದ ಜ್ವೆಜ್ದಾ ಭಾಗದ ಓಣಿಯಲ್ಲಿ 2019ರಿಂದ ವರ್ಷಗಟ್ಟಲೆ ಗಾಳಿ ಸೋರಿತು. ಬಿರುಕಿಗೆ ಕಾರಣ ಏನು ಅನ್ನುವುದರಲ್ಲೇ ನಾಸಾಕ್ಕೂ ರಷ್ಯಾದವರಿಗೂ ಒಮ್ಮತ ಮೂಡಿರಲಿಲ್ಲ. 2024ರ ಸೆಪ್ಟೆಂಬರ್ ವರದಿಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಇದಕ್ಕೂ ಕೆಂಪು ಗೆರೆ ಎಳೆದಿದ್ದಾರೆ. 2025ರ ಜೂನ್‌ನಲ್ಲಿ ನಮ್ಮ ಶುಭಾಂಶು ಶುಕ್ಲಾ ಅವರ ಯಾನ ಮುಂದಕ್ಕೆ ಹೋಗುತ್ತಾ ಹೋಗಿದ್ದಕ್ಕೆ ಈ ಸೋರಿಕೆಯೂ ಒಂದು ಕಾರಣ. ಆ ಯಾನದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕೆ ಹೆಸರುಕಾಳು, ಮೆಂತ್ಯ ಮೇಲೆ ಹೋಗಿ ಮೊಳಕೆ ಬಂದವು. ನಮ್ಮ ಕಾಳು ಅಲ್ಲಿ ಮೊಳೆತಿದೆ ಅಂದಮೇಲೆ ಅಲ್ಲಿನ ಗೋಡೆ, ಅಲ್ಲಿನ ಸೂಟಿನ ಬಗ್ಗೆ ಕೇಳುವ ಹಕ್ಕು ಧಾರವಾಡದವರಿಗೂ ಸ್ವಲ್ಪ ಇದೆ ಅಂದುಕೊಳ್ಳುತ್ತೇನೆ.

ರಷ್ಯಾದವರ ಓರ್ಲಾನ್ ಸೂಟು ನೋಡಿ. ಈಗಿನದ್ದು ನಿಲ್ದಾಣದಲ್ಲೇ ಇರಲಿ ಅಂತ ಮಾಡಿದ್ದು. ಬೆನ್ನಿನ ಬಾಗಿಲಿನಿಂದ ಒಳಗೆ ಹೋಗುತ್ತಾರೆ, ಮೇಲೇ ಬಿಡಿಭಾಗ ಬದಲಾಯಿಸುತ್ತಾರೆ, ಆಯಸ್ಸು ಮುಗಿದರೆ ಎಸೆದು ಹೊಸದು ತರಿಸುತ್ತಾರೆ. ಅದಕ್ಕೂ ತೊಂದರೆ ಬಂದಿದೆ, 2022ರಲ್ಲಿ ಬ್ಯಾಟರಿ ಕೈಕೊಟ್ಟು ಒಲೆಗ್ ಆರ್ಟೆಮ್ಯೆವ್ ಎಲ್ಲ ಬಿಟ್ಟು ಓಡಿಬರಬೇಕಾಯಿತು. ಆದರೂ ಹಳೆಯದನ್ನು ಎಸೆಯುವ ಪದ್ಧತಿ ಒಂದಿದೆಯಲ್ಲ, ಅದು ದೊಡ್ಡದು.

ಕಾಂಗ್ರೆಸ್ ಸದಸ್ಯರೇ, ಈಗ ನಿಮ್ಮ ಸರದಿ. ಇನ್‌ಸ್ಪೆಕ್ಟರ್ ಜನರಲ್ ತಪ್ಪು ಹೇಳಿದ್ದಾರೆ ಅಂತ ಯಾರೂ ಹೇಳಿಲ್ಲ. ಸುರಕ್ಷತಾ ಮಂಡಳಿ ವರ್ಷವರ್ಷ ಇದೇ ಹಾಡು ಹಾಡುತ್ತಿದೆ. ನಾಸಾ "ಒಪ್ಪುತ್ತೇವೆ" ಅಂತ ಉತ್ತರ ಬರೆಯುತ್ತದೆ. ಅಷ್ಟಕ್ಕೆ ಮುಗಿಯಿತು. ಸಲಹೆ ಕೊಡುವವರಿಗೆ ಕೆಲಸ ನಿಲ್ಲಿಸುವ ಅಧಿಕಾರ ಇಲ್ಲ, ಅಧಿಕಾರ ಇರುವ ನಿಮಗೆ ಸೂಟಿನ ಬಗ್ಗೆ ಕೂತು ಕೇಳುವ ವ್ಯವಧಾನ ಇಲ್ಲ. ನಿಲ್ದಾಣಕ್ಕೆ ವರ್ಷಕ್ಕೆ ಸುಮಾರು 300 ಕೋಟಿ ಡಾಲರ್ ಕೊಡುತ್ತೀರಿ, ಅದನ್ನು ಸಮುದ್ರಕ್ಕೆ ಇಳಿಸುವ ನೌಕೆಗೆ 84.3 ಕೋಟಿವರೆಗೆ ಒಪ್ಪಂದ ಆಗಿದೆ. ಅಷ್ಟು ದುಡ್ಡು ಕೊಡುವವರು ಒಂದು ಮಧ್ಯಾಹ್ನ ಕೊಡಲಾರಿರಾ?

ನಾನು ಕೇಳುವುದು ದೊಡ್ಡದೇನಲ್ಲ. ಮೇಲಿರುವ ಪ್ರತಿ ಸೂಟಿನ ಜಾತಕ ಪ್ರತಿ ವರ್ಷ ಜನರ ಮುಂದೆ ಇಡಿ: ಯಾವಾಗ ಮಾಡಿದ್ದು, ಎಷ್ಟು ಸಲ ಹೊರಗೆ ಹೋಗಿದೆ, ಕೊನೆಯ ಸಲ ಯಾವಾಗ ಪೂರ್ತಿ ಬಿಚ್ಚಿ ನೋಡಿದ್ದು, ನೀರು ಎಷ್ಟು ಸಲ ಕಂಡಿದೆ, ಅದಕ್ಕೆ ಏನು ಕಾರಣ ಬರೆದುಕೊಂಡಿದ್ದೀರಿ. "ಮಾಮೂಲಿ" ಅಂತ ಬರೆದ ಕಡೆಯೆಲ್ಲ ಬರೆದವರ ಹುದ್ದೆ ಇರಲಿ. ನನ್ನ ಲಾಗ್ ಬುಕ್ಕಿನಲ್ಲಿ ನನ್ನ ಸಹಿ ಇತ್ತು, ಅದಕ್ಕೇ ಇವತ್ತಿಗೂ ನನಗೆ ನೆನಪಿದೆ. ತಪಾಸಣೆಯವರು ಸೂಟಿನ ಬಗ್ಗೆ ಕೊಟ್ಟ ಯಾವುದೇ ಸಲಹೆ ವರ್ಷ ದಾಟಿದರೆ ನಾಸಾ ಮುಖ್ಯಸ್ಥರು ಸಮಿತಿಯ ಮುಂದೆ ಬಂದು, ಕ್ಯಾಮೆರಾ ಮುಂದೆ, ಯಾಕೆ ಆಗಿಲ್ಲ ಅಂತ ಹೇಳಬೇಕು. ಸೂಟಿನ ದುಡ್ಡನ್ನು ನಿಲ್ದಾಣದ ಕೊನೆಯ ದಿನಕ್ಕೆ ಗಂಟು ಹಾಕುವುದು ಬಿಡಿ. ಚಂದ್ರನಿಗೆ, ಮುಂದೆ ಬರುವ ಖಾಸಗಿ ನಿಲ್ದಾಣಕ್ಕೆ, ಎಲ್ಲದಕ್ಕೂ ಮನುಷ್ಯ ಹೊರಗೆ ಹೋಗಲೇಬೇಕು. ಇನ್ನು ಆಕ್ಸಿಯಂ ಒಂದೇ ಉಳಿದಿದೆಯಲ್ಲ, ಅದೂ ನಾಳೆ ಕೈ ಎತ್ತಿದರೆ ಏನು ಅನ್ನುವುದಕ್ಕೆ ಇವತ್ತೇ ಒಂದು ಉತ್ತರ ಬರೆದಿಡಿ.

ಐಸಾಕ್‌ಮನ್ ಅವರೇ, ಒಂದು ವಿಷಯ ಹೇಳಿ ಮುಗಿಸುತ್ತೇನೆ. 2013ರಲ್ಲಿ ಮುಳುಗುವುದರಲ್ಲಿದ್ದ ಪರ್ಮಿಟಾನೊ ಅವರೇ 2019ರ ಕೊನೆಯಲ್ಲಿ ಮತ್ತೆ ನಿಲ್ದಾಣದಲ್ಲಿದ್ದರು. ಎಎಂಎಸ್ ಅನ್ನುವ ದೊಡ್ಡ ಕಣ ಶೋಧಕ ಯಂತ್ರದ ತಂಪುಪಂಪು ರಿಪೇರಿಗೆ ನಾಲ್ಕು ಸಲ ಹೊರಗೆ ಹೋದರು. ಅದೇ ಮಾದರಿಯ ಸೂಟು. ಅವರ ಧೈರ್ಯದ ಬಗ್ಗೆ ಎಲ್ಲರೂ ಬರೆದರು, ನಾನೂ ಕೈಮುಗಿಯುತ್ತೇನೆ. ಆದರೆ ಬಕೆಟ್ ತೆಗೆಯಲು ಬಗ್ಗಿದ ನಮ್ಮ ಹುಡುಗನೂ ಕೈ ವಾಸಿಯಾದ ಮೇಲೆ ಅದೇ ಪಂಪಿನ ಹತ್ತಿರ ಕೆಲಸಕ್ಕೆ ಬಂದಿದ್ದ. ಆಗಲೂ ನಾವು ಧೈರ್ಯ ಅಂದೆವು. ಪಂಪು ಬದಲಾಯಿಸಲಿಲ್ಲ.

ನಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಇದೇ ಪತ್ರದ ಇಂಗ್ಲಿಷ್ ರೂಪ ಕಳಿಸಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅನ್ನುವ ಅಚ್ಚು ಹಾಕಿದ ಕಾಗದ ಬಂದರೂ ಹಾಕುತ್ತೇನೆ, ದಿನಾಂಕ ಸಮೇತ.

ಇಂತಿ,
ಹೂಸ್ಟನ್ನಿನ ಒಬ್ಬ ತೆರಿಗೆದಾರ, ಹಳೇ ಪಂಪ್ ಮೇಂಟೆನೆನ್ಸ್‌ನವನು